ಹೊಳೆಯ ನೀರು

ಉದ್ಯಾವರ ಸೇತುವೆ ದಾಟಿ ಎಡಕ್ಕೆ,
ಪಂಕ್ಚರಿನವನ ಟಯರು ರಾಶಿಯ ಹಿಂದೆ ನನ್ನ ಶೆಡ್ಡು.
ಬೋರ್ಡಿಲ್ಲ. ಮಲ್ಪೆಯಿಂದ ಬಂಗುಡೆ ಹೊತ್ತ ಲಾರಿಗೆ ಬೋರ್ಡು ಯಾಕೆ,
ಹೊಗೆಯೇ ದಾರಿ ಕೇಳಿಕೊಂಡು ಬರ್ತದೆ.

ಪೊಡಿಮೋನು ಇಳಿದವನೇ ಬಾಗಿಲು ಬಡಿದ:
"ಲಿಗೋರಿಯಣ್ಣ, ಎಳೆಯುವುದಿಲ್ಲ ಇದು.
ಏರು ಕಂಡರೆ ಏದುಸಿರು, ಮುಳ್ಳು ಹೋಗಿ ಕೆಂಪಲ್ಲಿ ಕೂರ್ತದೆ.
ಕುಂದಾಪುರದಲ್ಲಿ ಪಂಪು ಬಿಚ್ಚಿಸಿದೆ, ನಾಝಲ್ ಹೊಸತು, ಫಿಲ್ಟರು ಎರಡು ಸಲ.
ದುಡ್ಡು ಹೋಯಿತು, ರೋಗ ಹೋಗಲಿಲ್ಲ."

ಒಂದೇ ಮೈಗೆ ಎರಡು ರೋಗ ಹಿಡಿದರೆ
ಒಂದರ ಮಾತು ಇನ್ನೊಂದು ಆಡ್ತದೆ.
ಹಾಗಾಗಿ ಮೊದಲು ನಾನು ಸ್ಪಾನರ್ ಮುಟ್ಟುವುದಿಲ್ಲ.
ಉದ್ದ ಸ್ಕ್ರೂಡ್ರೈವರಿನ ತುದಿ ಇಂಜಿನಿಗೆ,
ಹಿಡಿ ಕಿವಿ ಹಿಂದಿನ ಎಲುಬಿಗೆ.
ಒಂದು, ಎರಡು, ಮೂರು, ನಾಲ್ಕು,
ಐದನೆಯದು
ಆದಿತ್ಯವಾರದ ಪೂಜೆಗೆ ತಡವಾಗಿ ಬಂದು
ಹಿಂದಿನ ಬೆಂಚಲ್ಲಿ ಕೂತವನ ಹಾಗೆ.

ಡೀಸೆಲ್ ಬರುವ ದಾರಿಗೆ ಒಂದು ಗೇಣು ಪೈಪು ಕಟ್ಟಿದೆ,
ಆಸ್ಪತ್ರೆಯ ಗ್ಲೂಕೋಸಿನದು, ಒಳಗಿನದು ಕಾಣುವಂಥದು.
ಗುಳ್ಳೆ. ಸಾಸಿವೆಯಷ್ಟು. ಮತ್ತೊಂದು.
ಡೀಸೆಲ್ ಹೊರಗೆ ಬೀಳುವುದಿಲ್ಲ, ಗಾಳಿ ಒಳಗೆ ಹೊಗ್ತದೆ.
ನೆಲ ಒಣಗಿಯೇ ಇರುವ ಸೋರಿಕೆ ಅದು.
ಜಾಯಿಂಟಿನಿಂದ ಜಾಯಿಂಟಿಗೆ ಗ್ರೀಸು ಮೆತ್ತುತ್ತ ಹೋದೆ,
ಮೂರನೆಯದಕ್ಕೆ ಗುಳ್ಳೆ ನಿಂತಿತು.
ಉಂಗುರದಷ್ಟು ತಾಮ್ರದ ವಾಷರು, ಕೂದಲಷ್ಟು ಸೀಳು.
ಹನ್ನೆರಡು ರೂಪಾಯಿ.
ಪೊಡಿಮೋನು ಕುಂದಾಪುರದವನ ಅಜ್ಜನವರೆಗೆ ನೆನೆಸಿಕೊಂಡ.

ಆರೂ ಒಟ್ಟಿಗೆ ಹೊಡೆದವು. ಆದರೆ ಮುಳ್ಳು ಕೆಂಪು ಬಿಡಲಿಲ್ಲ.

ಇನ್ನು ಕಾಯುವ ಕೆಲಸ.
ಬಿಸಿ ರೇಡಿಯೇಟರಿನ ಮುಚ್ಚಳ ತಿರುಗಿಸಿದ ಒಂದು ಮಧ್ಯಾಹ್ನ
ನನಗೆ ಕಲಿಸಿದ ದೂಮಣ್ಣ ಮೇಸ್ತ್ರಿಯ ಎಡಗೆನ್ನೆಯಲ್ಲಿ
ಸಾಯುವವರೆಗೂ ಇತ್ತು.
ಥರ್ಮೋಸ್ಟಾಟ್ ಬಿಚ್ಚಿ ಗುಲಾಬಿಯಕ್ಕನ ಚಾದಂಗಡಿಗೆ ಒಯ್ದೆ.
ಬೈದುಕೊಂಡೇ ಹಳೆಯ ಪಾತ್ರೆ ಕೊಟ್ಟಳು.
ಕುದಿ ಬರುವ ಮೊದಲೇ ಬಾಯಿ ತೆರೆಯಿತು, ಮರುವಾಯಿಯ ಹಾಗೆ.
ಅದರದ್ದು ತಪ್ಪಿಲ್ಲ.

ತಣಿದ ನೀರಿಗೆ ಬೆರಳು ಅದ್ದಿ ನಾಲಗೆಗೆ ಇಟ್ಟೆ, ಉಗುಳಿದೆ.
ಯಾರೂ ಕಲಿಯಬಾರದ ವಿದ್ಯೆ; ನನಗೆ ಕಲಿತಾಗಿದೆ.

ಉಪ್ಪು.

ಕ್ಲೀನರ್ ಹುಡುಗ ಟೂಲ್ ಪೆಟ್ಟಿಗೆಯ ಮೇಲೆ ಕೂತಿದ್ದ,
ಯಮನೂರ, ಬಾದಾಮಿ ಕಡೆಯವ, ಕಾಲ ಬಳಿ ನೀಲಿ ಕ್ಯಾನು.
"ನೀರು ಎಲ್ಲಿಂದ ತುಂಬಿಸ್ತಿ?"
"ಹೊಳಿಯಿಂದ್ರಿ. ಸೇತುವಿ ಕೆಳಗ."
ಅವನ ಊರಲ್ಲಿ ಹೊಳೆ ಎಂದರೆ ಹೊಳೆ.
ಸಮುದ್ರ ದಿನಕ್ಕೆರಡು ಸಲ ಬಂದು ಹೊಳೆಯನ್ನು ಒತ್ತಿ ಸರಿಸಿ
ಅದರ ಹಾಸಿಗೆಯಲ್ಲೇ ಮಲಗ್ತದೆ ಎಂದು
ಅವನಿಗೆ ಯಾರು ಹೇಳಬೇಕಿತ್ತು?
ಒಂದೂವರೆ ತಿಂಗಳು ಪ್ರೀತಿಯಿಂದಲೇ ಕುಡಿಸಿದ್ದಾನೆ.
ನಳಿಕೆಗಳೊಳಗೆ ಬಿಳಿ ಹಕ್ಕಳೆ,
ಮೀನು ಒಣಗಿಸಿ ಎತ್ತಿದ ಚಾಪೆಯ ಹಾಗೆ.

"ಎಂತ ಅಂತೆ?" ಪೊಡಿಮೋನು ಬಗ್ಗಿದ.
ಅವನ ಕೈ ಭಾರ. ಹುಡುಗನ ಎಡಗಿವಿ ನೋಡಿದರೆ ಗೊತ್ತಾಗ್ತದೆ.
"ಕೋರ್ ಹಳತು. ವಯಸ್ಸಾಯಿತು, ಬದಲಿಸು," ಎಂದೆ.
ನಲವತ್ತು ವರ್ಷದಲ್ಲಿ ಇಂಜಿನಿನ ವಿಷಯ
ಸುಳ್ಳು ಹೇಳಿದ್ದು ಅದೊಂದೇ ಸಲ.
ಅಲ್ಲ, ಎರಡು.

ಸಂಜೆ ಹುಡುಗನನ್ನು ದಂಡೆಗೆ ಕರೆದೆ.
ಉಬ್ಬರದ ಹೊತ್ತು; ನೀರು ಊರ ಕಡೆಗೆ ಹರಿಯುತ್ತಿತ್ತು.
"ಬೆರಳು ಅದ್ದು."
ಅದ್ದಿದ. ಮುಖ ಕಿವುಚಿದ.
ಪಡುವಣಕ್ಕೆ ನೋಡಿದ, ಮೂಡಣಕ್ಕೆ ನೋಡಿದ.
"ಹೊಳಿ ಹಿಂಗೂ ಇರ್ತದೇನ್ರಿ?"

ಈಗ ನನ್ನ ಬಾವಿಯಿಂದಲೇ ಸೇದಿ ತುಂಬಿಸುತ್ತಾನೆ.
ಸಿಹಿನೀರು ಮಾರಾಯ, ಎಂದರೂ ಕೇಳುವುದಿಲ್ಲ,
ಪ್ರತಿ ಸಲ ಸುರಿಯುವ ಮೊದಲು ಒಂದು ಹನಿ ನಾಲಗೆಗೆ.
"ಇವನಿಗೆ ಎಂತ ಹಿಡಿದದ್ದು?" ಪೊಡಿಮೋನು ನನ್ನನ್ನು ಕೇಳ್ತಾನೆ.
ವಾಷರಿನ ಹನ್ನೆರಡು ರೂಪಾಯಿ
ಇನ್ನೂ ಕೊಟ್ಟಿಲ್ಲ ಅವನು.